ಅಟ್ಟದಲ್ಲಿ ಸಿಕ್ಕ ಹಳೇ ಸ್ಟಾರ್ ವಾರ್ಸ್ ಗೊಂಬೆಗಳು: ಬೆಲೆ ಕಟ್ಟೋದು ಹೇಗೆ?

ಪ್ರಶ್ನೆ, ರಾಜಾಜಿನಗರದಿಂದ

ಎಲ್ಲರಿಗೂ ನಮಸ್ಕಾರ. ಎಂಬತ್ತರ ದಶಕದಲ್ಲಿ ಸೋದರಮಾವ ಅಮೆರಿಕದಿಂದ ತಂದುಕೊಟ್ಟ ಸ್ಟಾರ್ ವಾರ್ಸ್ ಸಿನಿಮಾ ಪಾತ್ರಗಳ ಗೊಂಬೆಗಳು ಮನೆ ಖಾಲಿ ಮಾಡುವಾಗ ಅಟ್ಟದಲ್ಲಿ ಸಿಕ್ಕವು. ಸ್ಟಾರ್ಮ್‌ಟ್ರೂಪರ್ ಹಳದಿಗೆ ತಿರುಗಿದೆ. ಬೋಬಾ ಫೆಟ್ ಇದೆ, ಪ್ಲಾಸ್ಟಿಕ್ ಮೇಲಂಗಿ ಹೊದ್ದ ಪುಟ್ಟ ಜಾವಾ ಇದೆ. ಜೊತೆಗೆ ಗೊಂಬೆಗಳ ಕೈಗಿಡುವ ಒಂದೆರಡು ಪುಟ್ಟ ಬಂದೂಕು, ಊರಲ್ಲೇ ಕೊಂಡ ಫನ್‌ಸ್ಕೂಲ್ ಜಿ.ಐ. ಜೋ ಸೈನಿಕರು. ಯಾವುದಕ್ಕೂ ಪ್ಯಾಕೆಟ್ ಇಲ್ಲ. ಒಬ್ಬರು ಎಲ್ಲಾ ಸೇರಿ ಹದಿನೈದು ಸಾವಿರ ಕೊಡ್ತೀನಿ, ಇವತ್ತೇ ಹೇಳಿ ಅಂತಿದ್ದಾರೆ. ಅಸಲಿ ಹೌದೋ ಅಲ್ಲವೋ ಹೇಗೆ ನೋಡೋದು? ತೊಳೆದು ಇಡಲಾ?

ಬಸವನಗುಡಿಯಿಂದ

ಸದ್ಯಕ್ಕೆ ತೊಳೆಯಬೇಡಿ, ಇವತ್ತೇ ಮಾರಲೂಬೇಡಿ. ಆತುರಪಡಿಸುವ ಗಿರಾಕಿಗೆ ನಿಮ್ಮ ಡಬ್ಬದಲ್ಲಿ ಏನಿದೆ ಅನ್ನೋದು ನಿಮಗಿಂತ ಚೆನ್ನಾಗಿ ಗೊತ್ತಿರುತ್ತೆ.

ಈ ಗೊಂಬೆಗಳನ್ನು ಕೆನ್ನರ್ ಕಂಪನಿ 1978ರಿಂದ 1985ರವರೆಗೆ ಮಾಡಿತು. ಎತ್ತರದ ಅಳತೆ 3.75 ಇಂಚು, ಜಾವಾದಂಥವು ಅದಕ್ಕಿಂತ ಗಿಡ್ಡ. ಗೊಂಬೆಯನ್ನು ತಿರುಗಿಸಿ ಕಾಲಿನ ಹಿಂಭಾಗಕ್ಕೆ ಟಾರ್ಚ್ ಓರೆಯಾಗಿ ಹಿಡಿಯಿರಿ. ಚಿಕ್ಕ ಅಕ್ಷರಗಳು ಎದ್ದು ಕಾಣುತ್ತವೆ. ಮೊದಮೊದಲಿನವಕ್ಕೆ ಜಿ.ಎಂ.ಎಫ್.ಜಿ.ಐ. 1977 ಅಂತ ಇರುತ್ತೆ. ಆಗ ಕೆನ್ನರ್ ಇದ್ದದ್ದು ಜನರಲ್ ಮಿಲ್ಸ್ ಕೈಯಲ್ಲಿ, ಅದರ ಆಟಿಕೆ ವಿಭಾಗದ ಹೆಸರು ಅದು. ಆಮೇಲಿನವಕ್ಕೆ ಎಲ್.ಎಫ್.ಎಲ್. ಅಂತ, ಅಂದ್ರೆ ಲ್ಯೂಕಾಸ್‌ಫಿಲ್ಮ್. ಕೆಳಗೆ ಹಾಂಗ್‌ಕಾಂಗ್, ತೈವಾನ್, ಮಕಾವ್ ಹೀಗೆ ತಯಾರಾದ ಊರು. ಅಲ್ಲಿರೋ ವರ್ಷ ಕಾಪಿರೈಟ್‌ನದು, ತಯಾರಾದ ವರ್ಷ ಅದೇ ಆಗಿರಬೇಕಿಲ್ಲ. ಊರಿನ ಹೆಸರು ಇಲ್ಲದ ಅಸಲಿ ಗೊಂಬೆಗಳೂ ಇವೆ, ಹಾಗಾಗಿ ಅದಿಲ್ಲ ಅಂದ ಮಾತ್ರಕ್ಕೆ ನಕಲಿ ಅನ್ನಬೇಡಿ.

ಈಗ ಬಂದೂಕು. ಅದನ್ನು ಕಸ ಅಂತ ಎಸೆದುಬಿಟ್ಟೀರಿ, ಜೋಪಾನ! ಮಕ್ಕಳ ಕೈಯಲ್ಲಿ ಮೊದಲು ಕಳೆದುಹೋಗಿದ್ದೇ ಅವು. ಅದಕ್ಕೇ ಅಸಲಿ ಬಂದೂಕು ಇರುವ ಗೊಂಬೆಗೆ ಬೆಲೆ ಜಾಸ್ತಿ, ಮಾರುಕಟ್ಟೆ ತುಂಬಾ ನಕಲಿ ಬಂದೂಕುಗಳು. ಒಂದು ಬಟ್ಟಲಲ್ಲಿ ನೀರು ತಗೊಳ್ಳಿ. ಬಂದೂಕನ್ನು ಬೆರಳಿಂದ ತಳದವರೆಗೆ ಒತ್ತಿ ಬಿಡಿ. ಸುಮ್ನೆ ಮೇಲಿಟ್ಟರೆ ನೀರಿನ ಪೊರೆಯೇ ಹೊತ್ತುಕೊಳ್ಳುತ್ತೆ, ಪರೀಕ್ಷೆ ಆಗಲ್ಲ. ಕೆನ್ನರ್ ಬಂದೂಕುಗಳು ಹೆಚ್ಚಿನವು ಮೇಲೆದ್ದು ತೇಲುತ್ತವೆ, ನಕಲಿ ಎಷ್ಟೋ ಮುಳುಗುತ್ತವೆ. ತೇಲುವ ನಕಲಿಯೂ ಬಂದಿದೆ. ಆದ್ದರಿಂದ ಭೂತಗನ್ನಡಿ ಇಟ್ಟು ಅಂಚುಗಳನ್ನೂ ನೋಡಿ. ಅಸಲಿಯಲ್ಲಿ ಗೆರೆಗಳು ಚೂಪಾಗಿರುತ್ತವೆ. ಇನ್ನೊಂದು ಬಂದೂಕಿನಿಂದ ಅಚ್ಚು ತೆಗೆದದ್ದಾದರೆ ಮೊಂಡಾಗಿ, ಸವೆದ ಸೋಪಿನ ಹಾಗಿರುತ್ತೆ.

ಜಾವಾ ಬಗ್ಗೆ ಜಾಸ್ತಿ ಹುಷಾರು. 1978ರಲ್ಲಿ ಮೊದಲು ಬಂದಾಗ ಅದಕ್ಕೆ ಪ್ಲಾಸ್ಟಿಕ್ ಮೇಲಂಗಿ ಇತ್ತು. ಅಗ್ಗದ್ದಾಗಿ ಕಾಣುತ್ತೆ ಅಂತ ಬೇಗನೆ ಬಟ್ಟೆಯದಕ್ಕೆ ಬದಲಾಯಿಸಿದರು. ಪ್ಲಾಸ್ಟಿಕ್ಕಿನದು ಅಪರೂಪವಾಗಿದ್ದು ಹಾಗೆ. ನಿಮ್ಮದು ಅಸಲಿಯಾದರೆ ಅದೊಂದೇ ಹದಿನೈದು ಸಾವಿರವನ್ನು ಸುಲಭವಾಗಿ ದಾಟುತ್ತೆ. ಆದರೆ ಇದೇ ಸಾಲಿನ ಬೆನ್ ಕೆನೋಬಿ ಗೊಂಬೆಯ ಕಂದು ಮೇಲಂಗಿಯನ್ನು ಕತ್ತರಿಸಿ ಜಾವಾಗೆ ತೊಡಿಸಿ ಮಾರುವ ಚಾಳಿ ಹಳೆಯದು. ಕೆಳಗಿನ ಅಂಚು, ಕತ್ತಿನ ಸುತ್ತಿನ ಅಂಚು ಎರಡರಲ್ಲೂ ಕತ್ತರಿ ಗುರುತು ಇದೆಯಾ ನೋಡಿ. ಆಮೇಲೆ ಹತ್ತಿರದಿಂದ ಫೋಟೋ ತೆಗೆದು, ಇದನ್ನೇ ಸಂಗ್ರಹಿಸುವ ಒಬ್ಬಿಬ್ಬರಿಗೆ ತೋರಿಸಿ.

ಮಲ್ಲೇಶ್ವರದಿಂದ

ಹಳದಿ ತಿರುಗಿದ್ದಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಲ್ಲಿಡಿ ಅಂತ ಯಾರಾದರೂ ಹೇಳ್ತಾರೆ. ದಯವಿಟ್ಟು ಬೇಡ. ಬೆಳ್ಳಗಾಗುತ್ತೆ, ನಿಜ. ಆದರೆ ಹಳದಿ ಮತ್ತೆ ಬರಬಹುದು, ತಿಳಿದವರು ಹಾಗೆ ಬಿಳಿ ಮಾಡಿದ್ದನ್ನು ಕಡಿಮೆ ಬೆಲೆಗೆ ಕೇಳ್ತಾರೆ. ಧೂಳಿಗೆ ಮೆತ್ತನೆ ಬ್ರಷ್ ಸಾಕು. ಅಟ್ಟದ ಮೇಲೆ ಶೀಟ್ ಇದ್ದರೆ ಬೇಸಿಗೆಯಲ್ಲಿ ಕಾವು ವಿಪರೀತ, ಮತ್ತೆ ಅಲ್ಲಿಡಬೇಡಿ. ಮುಟ್ಟಿದರೆ ಅಂಟುವ ಗೊಂಬೆ ಇದ್ದರೆ ಬೇರೆ ಇಡಿ. ಪ್ಲಾಸ್ಟಿಕ್ ಮೆದುವಾಗಿರಲು ಹಾಕಿದ ಎಣ್ಣೆಯಂಥ ಅಂಶ ಹೊರಗೆ ಬರ್ತಿದೆ ಅಂತ ಅರ್ಥ.

ಜಯನಗರದಿಂದ

ಫನ್‌ಸ್ಕೂಲ್ ಸೈನಿಕರನ್ನು ಲೆಕ್ಕಕ್ಕೇ ತಗೊಳ್ಳದೆ ಕೊಟ್ಟುಬಿಡಬೇಡಿ! ಎಂ.ಆರ್.ಎಫ್. ಮತ್ತು ಅಮೆರಿಕದ ಆಟಿಕೆ ಕಂಪನಿ ಹ್ಯಾಸ್‌ಬ್ರೋ ಸೇರಿ 1987ರಲ್ಲಿ ಶುರು ಮಾಡಿದ ಕಂಪನಿ ಅದು. ಇಲ್ಲಿ ಅಚ್ಚಾದ ಜಿ.ಐ. ಜೋಗಳಲ್ಲಿ ಅಮೆರಿಕದಲ್ಲಿ ಇಲ್ಲದ ಬಣ್ಣಗಳಿವೆ, ಅದಕ್ಕೇ ಹೊರದೇಶದವರು ಹುಡುಕಿ ಕೊಳ್ತಾರೆ. ಸೊಂಟದಿಂದ ಎರಡು ತುಂಡಾಗಿದ್ದರೆ ಗಾಬರಿ ಬೇಡ. ಒಳಗಿನ ರಬ್ಬರ್ ರಿಂಗ್ ಒಣಗಿ ಹರಿದಿರುತ್ತೆ, ಅಷ್ಟೇ. ಬೆನ್ನಿನ ಸ್ಕ್ರೂ ಬಿಚ್ಚಿ ಹೊಸದು ಹಾಕಬಹುದು. ಹೆಬ್ಬೆರಳು ಮುರಿದಿದೆಯಾ ನೋಡಿ, ಬೆಲೆ ಬೀಳೋದು ಅಲ್ಲಿ.

ಚಿಕ್ಕಪೇಟೆ ಕಡೆ ಸಂಡೇ ಬಜಾರ್‌ನಲ್ಲಿ ಇಂಥವು ಆಗೊಮ್ಮೆ ಈಗೊಮ್ಮೆ ಕಾಣಿಸುತ್ತವೆ. ಆದರೆ ಅಲ್ಲಿಯ ರೇಟು ಹಿಡಿದು ನಿಮ್ಮದಕ್ಕೆ ಬೆಲೆ ಕಟ್ಟಬೇಡಿ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್. ಟ್ರೂಪರ್ ಕಾಲಲ್ಲಿ ಜಿ.ಎಂ.ಎಫ್.ಜಿ.ಐ. 1977, ಹಾಂಗ್‌ಕಾಂಗ್ ಅಂತ ಓದೋಕೆ ಆಯ್ತು. ಒಂದು ಬಂದೂಕು ತೇಲಿತು, ಇನ್ನೊಂದು ಮುಳುಗಿತು. ಜಾವಾ ಮೇಲಂಗಿಯ ಕೆಳ ಅಂಚು ಒಂದು ಕಡೆ ಸೊಟ್ಟ ಇದೆ. ಬೋಬಾ ಫೆಟ್ ಕೋಟಿಗಟ್ಟಲೆಗೆ ಹೋಯ್ತು ಅಂತ ತಮ್ಮ ಹೇಳ್ತಿದ್ದಾನೆ, ನಿಜವಾ?

ಬಸವನಗುಡಿಯಿಂದ

ನಿಜ, ಆದರೆ ಅದು ಬೇರೆ ಗೊಂಬೆ. 2024ರಲ್ಲಿ 5,25,000 ಡಾಲರ್‌ಗೆ ಹರಾಜಾದದ್ದು ಬೆನ್ನಿಂದ ರಾಕೆಟ್ ಹಾರಿಸುವ ಮಾದರಿ. ಮಕ್ಕಳ ಗಂಟಲಿಗೆ ಸಿಕ್ಕೀತು ಅಂತ ಅದನ್ನು ಅಂಗಡಿಗೆ ಬಿಡಲೇ ಇಲ್ಲ. ನಿಮ್ಮದು ರಾಕೆಟ್ ಅಂಟಿಕೊಂಡೇ ಇರುವ, ಮಾಮೂಲಾಗಿ ಮಾರಿದ ಗೊಂಬೆ. ಆದರೂ ಬೇಡಿಕೆ ಚೆನ್ನಾಗಿದೆ. ಹೆಲ್ಮೆಟ್ ಮತ್ತು ಎದೆಯ ಬಣ್ಣ ಎಷ್ಟು ಉಳಿದಿದೆ, ನಿಲ್ಲಿಸಿದರೆ ನಿಲ್ಲುತ್ತಾ ನೋಡಿ.

ಸೊಟ್ಟ ಅಂಚು ಅಂದಾಗ ನನಗೆ ಅನುಮಾನ ಬಂತು, ಆದರೂ ಅಷ್ಟರಿಂದಲೇ ತೀರ್ಮಾನ ಬೇಡ. ಮಾವ ತಂದಾಗಿನ ಹಳೇ ಫೋಟೋ ಆಲ್ಬಮ್‌ನಲ್ಲಿದ್ದರೆ ಹುಡುಕಿ, ಅದಕ್ಕಿಂತ ಒಳ್ಳೆ ಪುರಾವೆ ಇಲ್ಲ. ಈಬೇಯಲ್ಲಿ ಮಾರಾಟವಾದವುಗಳನ್ನು ಮಾತ್ರ ತೋರಿಸುವ ಆಯ್ಕೆ ಒತ್ತಿ, ನಿಮ್ಮದರಷ್ಟೇ ಸವೆದ, ಪ್ಯಾಕೆಟ್ ಇಲ್ಲದ ಗೊಂಬೆ ಎಷ್ಟಕ್ಕೆ ಹೋಗಿದೆ ನೋಡಿ. ಕೇಳುವ ಬೆಲೆಯನ್ನು ಯಾರು ಎಷ್ಟು ಬೇಕಾದರೂ ಬರೆಯಬಹುದು, ಅಲ್ವಾ? ಮಾರೋದಾದರೆ ಬಿಡಿಬಿಡಿಯಾಗಿ ಮಾರಿ. ಮುಳುಗಿದ ಬಂದೂಕಿನ ಬಗ್ಗೆ ಅನುಮಾನ ಇದೆ ಅಂತ ಕೊಳ್ಳುವವರಿಗೆ ಮೊದಲೇ ಹೇಳಿಬಿಡಿ.