ಹಸಿ ಅಡಿಕೆ ಸುಲಿಯುವ ಯಂತ್ರದ ಸುಧಾರಣೆ: ಕೃಷಿ ಮೇಳಕ್ಕೆ ಮೊದಲೇ ಪೇಟೆಂಟ್ ಅರ್ಜಿ ಹಾಕಬೇಕೇ?

ಪ್ರಶ್ನೆ: ತೀರ್ಥಹಳ್ಳಿಯ ಬೆಳೆಗಾರರು

ಎಲ್ಲರಿಗೂ ನಮಸ್ಕಾರ. ಕೊಯ್ಲಿನ ಕಾಲಕ್ಕೆ ಸುಲಿಯುವವರು ಸಿಗದ ಕಾರಣ ನಾವು ಯಂತ್ರ ತಂದೆವು. ಆದರೆ ಒಂದೇ ಗೊನೆಯಲ್ಲಿ ದಪ್ಪ ಕಾಯಿಯೂ ಸಣ್ಣ ಕಾಯಿಯೂ ಇರುತ್ತವೆ. ದಪ್ಪಕ್ಕೆ ಹೊಂದಿಸಿದರೆ ಸಣ್ಣದು ಸುಲಿಯದೆ ಬೀಳುತ್ತದೆ. ಸಣ್ಣದಕ್ಕೆ ಹೊಂದಿಸಿದರೆ ದಪ್ಪ ಅಡಿಕೆಗೆ ಬ್ಲೇಡಿನ ಗಾಯವಾಗಿ, ಬೇಯಿಸಿ ಒಣಗಿಸಿದ ಮೇಲೆ ದರ ಇಳಿಯುತ್ತದೆ. ರೋಲರಿನ ಎದುರಿಗಿರುವ ತಗಡಿಗೆ ನಾನು ಸ್ಪ್ರಿಂಗ್ ಕೊಟ್ಟು ನೋಡಿದೆ, ಅರ್ಧ ಪ್ರಯೋಜನವಾಯಿತು. ಅಗಲವಾದ ಒಂದೇ ತಗಡಿನ ಬದಲು ಕಿರಿದಾದ ಪಟ್ಟಿಗಳನ್ನಿಟ್ಟು ಪ್ರತಿಯೊಂದಕ್ಕೂ ಬೇರೆ ಸ್ಪ್ರಿಂಗ್ ಕೊಡಬೇಕೆಂದು ಹೇಳಿದವರು ನನ್ನ ಹೆಂಡತಿ. ಶಿವಮೊಗ್ಗದ ವರ್ಕ್‌ಶಾಪಿನವರು ನಮ್ಮ ನಕ್ಷೆಯಂತೆ ಮಾಡಿಕೊಟ್ಟರು. ಈಗ ಪ್ರತಿ ಕಾಯಿಯೂ ತನ್ನ ಗಾತ್ರಕ್ಕೆ ತಕ್ಕ ಒತ್ತಡದಲ್ಲಿ ಸುಲಿಯುತ್ತದೆ.

ಮುಂದಿನ ಕೃಷಿ ಮೇಳದಲ್ಲಿ ಇದನ್ನು ತೋರಿಸಲು ಆಹ್ವಾನ ಬಂದಿದೆ. ಅರ್ಜಿಯನ್ನು ಆಮೇಲೆ ಹಾಕಿದರೆ ತೊಂದರೆಯೇ? ಯಾರ ಹೆಸರಿನಲ್ಲಿ ಹಾಕಬೇಕು, ಖರ್ಚೆಷ್ಟು?

ಉತ್ತರ: ಸಾಗರದ ನಿವೃತ್ತ ಪಾಲಿಟೆಕ್ನಿಕ್ ಉಪನ್ಯಾಸಕರು

ದಯವಿಟ್ಟು ಮೇಳಕ್ಕಿಂತ ಮೊದಲೇ ಅರ್ಜಿ ಹಾಕಿ. ಪೇಟೆಂಟಿಗೆ ಆವಿಷ್ಕಾರ ಹೊಸದಾಗಿರಬೇಕು. ಅರ್ಜಿಯ ದಿನಾಂಕಕ್ಕೆ ಮುಂಚೆ ಅದು ಜನರಿಗೆ ತಿಳಿದಿದ್ದರೆ, ತಿಳಿಸಿದವರು ನೀವೇ ಆಗಿದ್ದರೂ, ಹೊಸತನ ಹೋಗುತ್ತದೆ. 1970ರ ಪೇಟೆಂಟ್ ಕಾಯ್ದೆಯ 31ನೇ ಕಲಮು ಪ್ರದರ್ಶನಗಳಿಗೆ 12 ತಿಂಗಳ ವಿನಾಯಿತಿ ಕೊಡುತ್ತದೆಂದು ಕೆಲವರು ಧೈರ್ಯ ಹೇಳುತ್ತಾರೆ. ಆದರೆ ಅದು ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚಿಸಿದ ಪ್ರದರ್ಶನಗಳಿಗೆ ಮಾತ್ರ; ನಮ್ಮ ಮೇಳಗಳು ತಾವಾಗಿಯೇ ಅದರಲ್ಲಿ ಸೇರುವುದಿಲ್ಲ. ಅಲ್ಲಿಯವರೆಗೆ ವಾಟ್ಸ್ಆ್ಯಪ್ ಗುಂಪುಗಳಿಗೂ ವಿಡಿಯೊ ಹೋಗದಂತೆ ನೋಡಿಕೊಳ್ಳಿ.

ಸಮಯ ಕಡಿಮೆಯಿದ್ದರೆ ಪ್ರೊವಿಷನಲ್ ಸ್ಪೆಸಿಫಿಕೇಷನ್, ಅಂದರೆ ಆವಿಷ್ಕಾರದ ತಾತ್ಕಾಲಿಕ ವಿವರಣೆ, ಸಲ್ಲಿಸಬಹುದು; ಅದರಲ್ಲಿ ಕ್ಲೇಮುಗಳು (ಯಾವುದಕ್ಕೆ ಹಕ್ಕು ಕೇಳುತ್ತೀರೆಂಬ ವಾಕ್ಯಗಳು) ಬೇಕಿಲ್ಲ. ಅದರಿಂದ ನಿಮಗೆ ಒಂದು ದಿನಾಂಕ ಸಿಗುತ್ತದೆ, ಪೂರ್ಣ ವಿವರಣೆಯನ್ನು 12 ತಿಂಗಳೊಳಗೆ ಕೊಡಬೇಕು, ತಪ್ಪಿದರೆ ಅರ್ಜಿ ಕೈಬಿಟ್ಟಂತೆ. ಆದರೆ ಪ್ರೊವಿಷನಲ್‌ನಲ್ಲಿ ಬರೆಯದೆ ಉಳಿದ ಅಂಶಕ್ಕೆ ಆ ದಿನಾಂಕದ ರಕ್ಷಣೆ ಸಿಗುವುದಿಲ್ಲ. ಆದ್ದರಿಂದ ಪಟ್ಟಿಯ ಅಗಲ, ಸ್ಪ್ರಿಂಗ್ ಕೂರುವ ರೀತಿ, ರೋಲರಿಗೂ ಪಟ್ಟಿಗೂ ನಡುವಿನ ಅಂತರ, ಸ್ಪ್ರಿಂಗಿನ ಬದಲು ರಬ್ಬರ್ ಬಳಸಬಹುದಾದರೆ ಅದೂ, ಎಲ್ಲವನ್ನೂ ನಕ್ಷೆ ಸಮೇತ ಬರೆಯಿರಿ.

ಉತ್ತರ: ಶಿವಮೊಗ್ಗದ ಪೇಟೆಂಟ್ ಏಜೆಂಟ್

ಮೇಲಿನ ಮಾತು ಸರಿಯಾಗಿದೆ. ಕೃಷಿ ವಿಧಾನಕ್ಕೆ ಪೇಟೆಂಟ್ ಇಲ್ಲವೆಂಬ 3(ಎಚ್) ಕಲಮಿನಿಂದ ಹೆದರಬೇಡಿ, ನಿಮ್ಮದು ಯಂತ್ರ. ನಿಮಗೆ ನಿಜವಾಗಿ ಎದುರಾಗುವುದು 3(ಎಫ್): ಗೊತ್ತಿರುವ ಸಾಧನಗಳನ್ನು ಪಕ್ಕಪಕ್ಕ ಜೋಡಿಸಿ, ಪ್ರತಿಯೊಂದೂ ತನ್ನ ಹಳೆಯ ಕೆಲಸವನ್ನೇ ಮಾಡುತ್ತಿದ್ದರೆ ಅದು ಆವಿಷ್ಕಾರವಾಗದು. ರೋಲರ್, ಸ್ಪ್ರಿಂಗ್, ಪಟ್ಟಿ ಯಾವುದೂ ಹೊಸದಲ್ಲ. ಬೇರೆಬೇರೆ ಗಾತ್ರದ ಕಾಯಿಗಳು ಒಟ್ಟಿಗೆ ಬಂದಾಗಲೂ ಒಂದಕ್ಕೆ ಬಿದ್ದ ಒತ್ತಡ ಇನ್ನೊಂದಕ್ಕೆ ತಗಲದಂತೆ ಅವು ಕೂಡಿ ಕೆಲಸ ಮಾಡುವುದೇ ನಿಮ್ಮ ಸಾಧನೆ, ಕ್ಲೇಮನ್ನು ಅದರ ಮೇಲೆಯೇ ಕಟ್ಟಬೇಕು. ಹಳೆಯ ಮತ್ತು ಹೊಸ ಜೋಡಣೆಯಲ್ಲಿ ಗಾಯವಾದ ಅಡಿಕೆಯ ಪ್ರಮಾಣವನ್ನು ತೂಕ ಮಾಡಿ ಬರೆದಿಟ್ಟುಕೊಳ್ಳಿ. ಪೇಟೆಂಟ್ ಕಚೇರಿಯ ಉಚಿತ ತಾಣದಲ್ಲಿ ಅಡಿಕೆ ಯಂತ್ರಗಳ ಹಳೆಯ ಅರ್ಜಿಗಳನ್ನು ಓದುವುದನ್ನೂ ಬಿಡಬೇಡಿ.

ಪಟ್ಟಿಗಳನ್ನು ಬೇರ್ಪಡಿಸುವ ಯೋಚನೆ ತಮ್ಮ ಮನೆಯವರದು ಎಂದಮೇಲೆ ಅವರು ಆವಿಷ್ಕಾರಕರು, ಅವರ ಹೆಸರು ಇರಲೇಬೇಕು. ಇದನ್ನು ಔಪಚಾರಿಕತೆಗಾಗಿ ಹೇಳುತ್ತಿಲ್ಲ. ನಮ್ಮ ಕಡೆ ಅಂಗಳದಲ್ಲಿ ಹೆಂಗಸರು ಕಂಡುಕೊಂಡ ಎಷ್ಟೋ ಉಪಾಯಗಳು ಗಂಡಸರ ಹೆಸರಿನಲ್ಲಿಯೇ ದಾಖಲಾಗಿವೆ. ಅರ್ಜಿದಾರರೆಲ್ಲರೂ ವ್ಯಕ್ತಿಗಳಾಗಿದ್ದು ಅವರಲ್ಲೊಬ್ಬರು ಮಹಿಳೆಯಾಗಿದ್ದರೆ ಫಾರಂ 18ಎ ಮೂಲಕ ತ್ವರಿತ ಪರೀಕ್ಷೆಯನ್ನೂ, ಅಂದರೆ ಪೇಟೆಂಟ್ ಕಚೇರಿ ಅರ್ಜಿಯನ್ನು ಬೇಗ ಪರಿಶೀಲಿಸುವುದನ್ನೂ, ಕೇಳಬಹುದು. ಹೇಳಿದಂತೆ ಮಾಡಿಕೊಟ್ಟ ವರ್ಕ್‌ಶಾಪಿನವರು ಆವಿಷ್ಕಾರಕರಲ್ಲ, ಆದರೆ ಅವರು ತಾವೇ ಯಾವುದಾದರೂ ಪರಿಹಾರ ಸೂಚಿಸಿದ್ದರೆ ಮಾತು ಬೇರೆ.

ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಸೇರುತ್ತವೆ, ಆನ್‌ಲೈನ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ವ್ಯಕ್ತಿಗಳಿಗೆ ಅರ್ಜಿ ಶುಲ್ಕ ₹1,600, ಪರೀಕ್ಷೆಗೆ ಫಾರಂ 18ರ ಜೊತೆ ₹4,000, ತ್ವರಿತ ಪರೀಕ್ಷೆಯಾದರೆ ₹8,000. 2024ರ ತಿದ್ದುಪಡಿಯ ನಂತರ ಪರೀಕ್ಷೆಯ ಕೋರಿಕೆಯನ್ನು ಮೊದಲ ಅರ್ಜಿಯ (ಪ್ರೊವಿಷನಲ್ ಹಾಕಿದ್ದರೆ ಅದರ) ದಿನಾಂಕದಿಂದ 31 ತಿಂಗಳೊಳಗೆ ಕೊಡಬೇಕು; ಕೊಡದಿದ್ದರೆ ಅರ್ಜಿ ಹಿಂಪಡೆದಂತೆ ಆಗುತ್ತದೆ. ಪರೀಕ್ಷಾ ವರದಿಗೆ ಉತ್ತರಿಸಲು ಆರು ತಿಂಗಳಿರುತ್ತದೆ. ಏಜೆಂಟರ ಶುಲ್ಕ ಬೇರೆ, ಅದನ್ನು ಮೊದಲೇ ಬರಹದಲ್ಲಿ ಪಡೆಯಿರಿ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. ಇಬ್ಬರ ಹೆಸರಿನಲ್ಲಿಯೇ ಹಾಕುತ್ತೇವೆ. ಅರ್ಜಿ ಸಂಖ್ಯೆ ಬಂದ ಮೇಲೆ ಮೇಳದಲ್ಲಿ ‘ಪೇಟೆಂಟ್ ಪಡೆದ ಯಂತ್ರ’ ಎಂದು ಬೋರ್ಡ್ ಹಾಕಬಹುದೇ? ಯಾರಾದರೂ ನಕಲು ಮಾಡಿದರೆ ಆಗಲೇ ತಡೆಯಬಹುದೇ?

ಉತ್ತರ: ಶಿವಮೊಗ್ಗದ ಪೇಟೆಂಟ್ ಏಜೆಂಟ್

ಹಾಗೆ ಬರೆಯುವಂತಿಲ್ಲ, ಪೇಟೆಂಟ್ ಸಿಗದೆ ಸಿಕ್ಕಿದೆಯೆಂದು ತೋರಿಸುವುದು ದಂಡಾರ್ಹ. ‘ಪೇಟೆಂಟಿಗೆ ಅರ್ಜಿ ಸಲ್ಲಿಸಲಾಗಿದೆ’ ಎಂದು ಬರೆಯಿರಿ. ದಾವೆ ಹೂಡಲು ಪೇಟೆಂಟ್ ಮಂಜೂರಾಗಬೇಕು. ಆದರೆ ಮಂಜೂರಾದ ಮೇಲೆ, ಅರ್ಜಿ ಪ್ರಕಟವಾದ ದಿನದಿಂದ ಆದ ಉಲ್ಲಂಘನೆಗೂ ಪರಿಹಾರ ಕೇಳಬಹುದು. ಸಾಮಾನ್ಯವಾಗಿ ಪ್ರಕಟಣೆ 18 ತಿಂಗಳ ನಂತರ ಆಗುತ್ತದೆ. ಪೂರ್ಣ ವಿವರಣೆ ಕೊಟ್ಟ ಮೇಲೆ ಫಾರಂ 9ರಲ್ಲಿ ₹2,500 ಕಟ್ಟಿ ಬೇಗ ಪ್ರಕಟಿಸಲು ಕೇಳಬಹುದು, ತ್ವರಿತ ಪರೀಕ್ಷೆ ಬೇಕಿದ್ದರೂ ಇದು ಅಗತ್ಯ.

ಜಂಟಿ ಹೆಸರಿನ ಬಗ್ಗೆ ಒಂದು ಮಾತು: ಬೇರೆ ಒಪ್ಪಂದವಿಲ್ಲದಿದ್ದರೆ ಇಬ್ಬರಿಗೂ ಸಮಪಾಲು, ಮತ್ತು ಒಬ್ಬರ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ತಯಾರಕರಿಗೆ ಲೈಸೆನ್ಸ್ ಕೊಡಲಾಗುವುದಿಲ್ಲ. ಮೇಳದಲ್ಲಿ ತಯಾರಕರು ಮುಂಗಡ ಹಿಡಿದು ಬಂದರೆ ಇಬ್ಬರೂ ಕೂತು ಓದಿದ ಮೇಲೆಯೇ ಸಹಿ ಹಾಕಿ.