ಎತ್ತರದ ಹುಡುಗಿಗೆ ವಾಲಿಬಾಲ್‌ನಲ್ಲಿ ರಿಸೀವ್ (ಎದುರಾಳಿಯ ಸರ್ವಿಸ್ ಎತ್ತೋದು) ಕಲಿಸಬೇಕಾ? ಎಬ್ರಾರ್ ಕರಾಕುರ್ತ್ ಆಟ ನೋಡಿ ಹುಟ್ಟಿದ ಪ್ರಶ್ನೆ

ಪ್ರಶ್ನೆ (ಸೋಮವಾರಪೇಟೆಯ ಒಬ್ಬ ಅಮ್ಮ):

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 13 ವರ್ಷ, ಎತ್ತರ 5 ಅಡಿ 8 ಇಂಚು. ನಮ್ಮ ಕಡೆ ಎಲ್ಲರೂ ಹಾಕಿ ಆಟ ಅಂತಾರೆ, ಇವಳಿಗೆ ಮಾತ್ರ ವಾಲಿಬಾಲ್. ಕಾಫಿ ಒಣಗಿಸುವ ಕಣದಲ್ಲಿ ಎರಡು ಸಿಲ್ವರ್ ಮರಗಳಿಗೆ ನೆಟ್ ಕಟ್ಟಿಕೊಂಡಿದ್ದಾಳೆ. ಮಹಿಳೆಯರ ನೆಟ್ 2.24 ಮೀಟರ್ ಅಂತ ಟೇಪ್ ಹಿಡಿದು ಅಳೆದು, ಮರಕ್ಕೆ ಸುಣ್ಣದ ಗೆರೆ ಎಳೆದವಳೂ ಅವಳೇ. ಡಿಸೆಂಬರ್‌ನಲ್ಲಿ ಕಣದ ತುಂಬಾ ಹಣ್ಣು ಹರಡಿದರೆ ನೆಟ್ ಬಿಚ್ಚಬೇಕು. ಆಗ ಗೋಡೆಗೆ ಹೊಡೆಯುತ್ತಾಳೆ.

ಅವಳಿಗೆ ಟರ್ಕಿಯ ಎಬ್ರಾರ್ ಕರಾಕುರ್ತ್ ಅಂದರೆ ಪ್ರಾಣ. 2000ದಲ್ಲಿ ಹುಟ್ಟಿದ ಹುಡುಗಿ, 1.96 ಮೀಟರ್ ಎತ್ತರ. ಬಣ್ಣದ ಕೂದಲು ನೋಡಿ ಶುರುವಾದ ಇಷ್ಟ, ಈಗ ಪ್ರತಿ ಸ್ಮ್ಯಾಷ್ ಎರಡೆರಡು ಸಲ ನೋಡುತ್ತಾಳೆ.

ಇಲ್ಲಿನ ತರಬೇತಿಯಲ್ಲಿ ಮಾತ್ರ, "ನೀನು ಎತ್ತರ ಇದ್ದೀಯ, ಮುಂದೆ ನಿಂತು ಹೊಡಿ ಸಾಕು" ಅಂತಾರೆ. ಜಾಗದ ಸರದಿ ತಿರುಗಿ ಹಿಂದಿನ ಸಾಲಿಗೆ ಬಂದ ತಕ್ಷಣ ಬದಲಿ ಆಟಗಾರ್ತಿಯನ್ನು ಇಳಿಸುತ್ತಾರೆ. ಹೋದ ತಿಂಗಳು ಬದಲಿ ಹುಡುಗಿ ಬಂದಿರಲಿಲ್ಲ. ಎದುರಾಳಿಗಳು ಸರ್ವಿಸ್ ಎಲ್ಲ ನನ್ನ ಮಗಳ ಮೇಲೇ ಹಾಕಿದರು. ಸತತ 6 ಪಾಯಿಂಟ್ ಹೋಯಿತು. ಮನೆಗೆ ಬಂದು ಊಟ ಮಾಡಲಿಲ್ಲ. ಹೊಡೆಯೋದು ಮಾತ್ರ ಕಲಿತರೆ ಸಾಕಾ, ಹೇಳಿ.

ಉತ್ತರ 1 (ವಿರಾಜಪೇಟೆ, ನಿವೃತ್ತ ಪಿಟಿ ಮೇಷ್ಟ್ರು):

ಸಾಲದಮ್ಮ. ನಿಮ್ಮ ಮಗಳ ಎಬ್ರಾರ್‌ಳನ್ನೇ ನೋಡಿ. ಅವಳು ಮೊದಲು ಆಪೋಸಿಟ್, ಅಂದರೆ ಬಲಗಡೆಯಿಂದ ಹೊಡೆಯುವವಳು. ಆ ಜಾಗದವರಿಗೆ ಸಾಮಾನ್ಯವಾಗಿ ರಿಸೀವ್ ಹೊಣೆ ಇರೋದಿಲ್ಲ, ಹೊಡೆಯೋದೇ ಕೆಲಸ. 2023ರಲ್ಲಿ ಕ್ಯೂಬಾ ಮೂಲದ ಮೆಲಿಸ್ಸಾ ವರ್ಗಾಸ್ ಟರ್ಕಿ ತಂಡಕ್ಕೆ ಬಂದಳು. ಅವಳೂ ಆಪೋಸಿಟ್. ಆಗ ಎಬ್ರಾರ್ ಔಟ್‌ಸೈಡ್ ಹಿಟ್ಟರ್, ಅಂದರೆ ಎಡಗಡೆಯಿಂದ ಹೊಡೆಯುವವಳ ಜಾಗಕ್ಕೆ ಹೋದಳು. ಅಲ್ಲಿ ನಿಂತವಳ ಮೇಲೆ ಸರ್ವಿಸ್ ಬಂದೇ ಬರುತ್ತದೆ, ಅಲ್ವಾ? ಆ ವರ್ಷ ಟರ್ಕಿ ದೇಶಗಳ ನಡುವಿನ ನೇಷನ್ಸ್ ಲೀಗ್ ಗೆದ್ದಿತು, ಯುರೋಪಿಯನ್ ಚಾಂಪಿಯನ್‌ಶಿಪ್ ಕೂಡ. ಯುರೋಪಿಯನ್ ಫೈನಲ್ ಸರ್ಬಿಯಾ ವಿರುದ್ಧ, 3-2 ಸೆಟ್. ವರ್ಗಾಸ್ ಒಬ್ಬಳೇ 41 ಪಾಯಿಂಟ್ ಹೊಡೆದಳು. ಎಬ್ರಾರ್ ಜಾಗ ಬದಲಿಸಿಕೊಂಡಿದ್ದಕ್ಕೆ ಇಬ್ಬರೂ ಒಟ್ಟಿಗೆ ಅಂಗಳದಲ್ಲಿ ಇರಲು ಆಯಿತು.

13ಕ್ಕೇ ಒಂದು ಮಗುವಿನ ಜಾಗ ಗಟ್ಟಿ ಮಾಡಬಾರದು. ನಾಳೆ ಅವಳಿಗಿಂತ ಎತ್ತರದವಳು ಬಂದರೆ ಇವಳು ಎಲ್ಲಿ ನಿಲ್ಲಬೇಕು?

ಉತ್ತರ 2 (ಪೊನ್ನಂಪೇಟೆ, ಕಾಲೇಜು ತಂಡದಲ್ಲಿ ಆಡಿದವಳು):

ಅಕ್ಕ, ನನಗೂ ಹೀಗೇ ಆಗಿತ್ತು. ಎತ್ತರದವರು ಸೊಂಟ ಬಗ್ಗಿಸ್ತಾರೆ, ಮೊಣಕಾಲು ಬಗ್ಗಿಸಲ್ಲ. ತಪ್ಪಾಗೋದು ಅಲ್ಲೇ. ಬಾಲ್ ಬರೋ ಮೊದಲೇ ಕಾಲು ಅಲ್ಲಿಗೆ ಹೋಗಿರಬೇಕು. ಮೊಣಕೈ ನೇರ, ಎರಡೂ ಹೆಬ್ಬೆರಳು ಜೊತೆಗೆ, ಬಾಲ್ ಮಣಿಕಟ್ಟಿನ ಸ್ವಲ್ಪ ಮೇಲೆ ಕೂರಬೇಕು. ಕೈ ಬೀಸೋದು ಬೇಡ. ದಿನಾ ಯಾರಾದರೂ 50 ಸರ್ವಿಸ್ ಹಾಕಿಕೊಡಲಿ. ಮಳೆಗಾಲದಲ್ಲಿ ಗೋಡೌನ್ ಒಳಗೆ ಆದರೂ ಸರಿ, ಬಿಡಬೇಡಿ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರು ಬರೆದಿದ್ದನ್ನು ಮಗಳಿಗೆ ಓದಿ ಹೇಳಿದೆ. ಫೋನ್ ಇಸ್ಕೊಂಡು ಹಳೇ ವಿಡಿಯೋ ಹಾಕಿದಳು. ಈ ಸಲ ಸ್ಮ್ಯಾಷ್ ಬಿಟ್ಟು, ಸರ್ವಿಸ್ ಬರುವಾಗ ಎಬ್ರಾರ್ ಕಾಲು ಎಲ್ಲಿಡುತ್ತಾಳೆ ಅಂತ ನೋಡುತ್ತಿದ್ದಾಳೆ. ಅವರಪ್ಪ ಸಂಜೆ ತೋಟದಿಂದ ಬಂದವರು ಗಂಬೂಟ್ಸ್ ಕೂಡ ಬಿಚ್ಚದೆ ಸರ್ವಿಸ್ ಹಾಕಿಕೊಟ್ಟರು. 50ರಲ್ಲಿ 19 ಸರಿಯಾಗಿ ಮೇಲೆದ್ದವು. ಲೆಕ್ಕ ನಾನೇ ಬರೆದಿಟ್ಟಿದ್ದೇನೆ.