ಮೇ ತಿಂಗಳಲ್ಲಿ ವಿಜಯಪುರದಿಂದ ಬಂಡೀಪುರಕ್ಕೆ ಬೈಕ್ ಪ್ರಯಾಣ: ಗ್ಯಾರೇಜ್ ಮೇಸ್ತ್ರಿಯವರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ವಿಜಯಪುರದ ಸದಸ್ಯರು): ನಮಸ್ಕಾರ ಸರ್. ಮೇ ಮೊದಲ ವಾರ ನಾನು ಮತ್ತು ನನ್ನ ತಮ್ಮ ಒಂದೇ ಬೈಕಿನಲ್ಲಿ ಬಂಡೀಪುರಕ್ಕೆ ಹೋಗಬೇಕೆಂದಿದ್ದೇವೆ. ಗಾಡಿ 150 ಸಿಸಿ, ಟೈರುಗಳು ಟ್ಯೂಬ್ ಇರುವಂಥವು. ನಸುಕಿನಲ್ಲಿ ಹೊರಟರೆ ಅದೇ ದಿನ ರಾತ್ರಿ ಮುಟ್ಟಬಹುದೇ? ಬಿಸಿಲಿಗೆ ಟೈರ್ ಒಡೆಯುತ್ತದೆ, ಗಾಳಿ ಕಡಿಮೆ ಹಾಕಿಸಿ ಎಂದು ಹಲವರು ಹೇಳುತ್ತಾರೆ. ಇದು ನಿಜವೇ?

ಉತ್ತರ: ನಮಸ್ಕಾರ ಸರ್. ಒಂದೇ ದಿನದಲ್ಲಿ ಮುಟ್ಟುವ ಯೋಚನೆಯನ್ನು ದಯವಿಟ್ಟು ಬಿಡಿ. ದೂರ ಸುಮಾರು 650 ಕಿ.ಮೀ. ಆದರೆ ನಿಮ್ಮ ವೇಳಾಪಟ್ಟಿಯನ್ನು ನಿರ್ಧರಿಸಬೇಕಾದದ್ದು ದೂರವಲ್ಲ, ನಮ್ಮ ಕಡೆಯ ಮಧ್ಯಾಹ್ನದ ರಣಬಿಸಿಲು ಮತ್ತು ಕಾಡಿನ ರಾತ್ರಿ ಗೇಟು. ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದಲೂ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ದಣಿದು, ಗೇಟು ಮುಚ್ಚುವುದರೊಳಗೆ ಮುಟ್ಟಬೇಕೆಂದು ಓಡಿಸುವ ಕೊನೆಯ ಒಂದು ತಾಸೇ ಅಪಘಾತದ ತಾಸು.

ಐದು ಗಂಟೆಗೆ ಹೊರಟು, ಇಳಕಲ್, ಕುಷ್ಟಗಿ ದಾಟಿ ಹನ್ನೊಂದರೊಳಗೆ ಹೊಸಪೇಟೆ ಸೇರಿ ನೆರಳು ಹಿಡಿಯಿರಿ. ನಾಲ್ಕರ ಮೇಲೆ ಹೊರಟರೆ ಚಿತ್ರದುರ್ಗದಲ್ಲಿ ವಸತಿ ಮಾಡಬಹುದು. ಮರುದಿನ ಹಿರಿಯೂರು, ಹುಳಿಯಾರು, ನಾಗಮಂಗಲ ಮಾರ್ಗವಾಗಿ ಮೈಸೂರು ಮುಟ್ಟಿ, ಸಂಜೆ ಗುಂಡ್ಲುಪೇಟೆಯಲ್ಲಿ ತಂಗಿದರೆ ಸಾಕು. ಪೆಟ್ರೋಲನ್ನೂ ಅಲ್ಲಿಯೇ ತುಂಬಿಸಿಕೊಳ್ಳಿ.

ಗಾಳಿಯ ವಿಷಯದಲ್ಲಿ ನೀವು ಕೇಳಿದ ಮಾತು ಅಪಾಯಕಾರಿ. ಗಾಳಿ ಕಡಿಮೆಯಿದ್ದರೆ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿಕೊಳ್ಳುತ್ತದೆ. ಆ ಮಡಚುವಿಕೆಯಿಂದಲೇ ಶಾಖ ಹುಟ್ಟುತ್ತದೆ, ಇಬ್ಬರ ಭಾರ ಮತ್ತು ಸುಡುವ ಡಾಂಬರು ಅದಕ್ಕೆ ಕೂಡಿದರೆ ಟ್ಯೂಬ್ ಒಡೆಯುವ ಸಾಧ್ಯತೆ ಹೆಚ್ಚು. ಚೈನ್ ಕವರಿನ ಮೇಲೋ ಮಾಲೀಕರ ಕೈಪಿಡಿಯಲ್ಲೋ ಇಬ್ಬರು ಸವಾರರಿಗೆಂದು ಬರೆದಿರುವ ಪ್ರಮಾಣದಷ್ಟನ್ನೇ, ಬೆಳಿಗ್ಗೆ ಟೈರ್ ತಣ್ಣಗಿರುವಾಗ ಹಾಕಿಸಿ. ದಾರಿಯಲ್ಲಿ ಬಿಸಿಯಾದಾಗ ಒತ್ತಡ ಏರುವುದು ಸಹಜ, ಅದನ್ನು ನೋಡಿ ಗಾಳಿ ಬಿಡಬೇಡಿ. ಹೊರಡುವ ಹಿಂದಿನ ದಿನ ಗಾಡಿಯನ್ನು ದೊಡ್ಡ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂದಿನ ಚಕ್ರವನ್ನು ನಿಧಾನಕ್ಕೆ ತಿರುಗಿಸುತ್ತ ಟೈರಿನ ಗೀರುಗಳೊಳಗೆ ಬೆರಳಾಡಿಸಿ ನೋಡಿ. ನಮ್ಮ ಹಳ್ಳಿ ರಸ್ತೆಗಳ ಜಾಲಿಮುಳ್ಳು ತುದಿ ಮುರಿದು ರಬ್ಬರಿನಲ್ಲಿ ಕುಳಿತಿರುತ್ತದೆ. ಊರೊಳಗೆ ಓಡಾಡುವಾಗ ಸುಮ್ಮನಿದ್ದು ಹೆದ್ದಾರಿಯಲ್ಲಿ ಒಳಕ್ಕಿಳಿಯುತ್ತದೆ.

ಎಂಜಿನ್ ಆಯಿಲ್ ಮಟ್ಟ, ಚೈನಿನ ಸಡಿಲ, ಬ್ರೇಕ್, ಕ್ಲಚ್ ಕೇಬಲ್ ಇವನ್ನು ನಿಮ್ಮ ಮೇಸ್ತ್ರಿಯಿಂದ ಒಂದು ವಾರ ಮೊದಲೇ ನೋಡಿಸಿ.

ಪ್ರಶ್ನೆ (ಬಾಗಲಕೋಟೆಯ ಸದಸ್ಯೆ): ಅಣ್ಣಾ, ಬೈಕಿನಲ್ಲಿಯೇ ಸಫಾರಿಗೆ ಬಿಡುತ್ತಾರೆಯೇ? ರಜೆಯ ಗದ್ದಲ ತಪ್ಪಿಸುವುದು ಹೇಗೆ?

ಉತ್ತರ: ಇಲ್ಲ ತಂಗಿ, ಸಫಾರಿ ಅದಕ್ಕೆಂದೇ ಇರುವ ಬಸ್ಸು, ಜೀಪುಗಳಲ್ಲಿ ಮಾತ್ರ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೂ ಸ್ವಂತ ಗಾಡಿ ಹತ್ತುವಂತಿಲ್ಲ, ಬುಡದಲ್ಲಿ ನಿಲ್ಲಿಸಿ ಸಾರಿಗೆ ಬಸ್ಸಿನಲ್ಲಿ ಹೋಗಬೇಕು. ಹುಲಿ ದಾಳಿಗಳ ನಂತರ 2025ರ ನವೆಂಬರಿನಲ್ಲಿ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನು ಸರ್ಕಾರ ನಿಲ್ಲಿಸಿತ್ತು. ಆದ್ದರಿಂದ ಟಿಕೆಟ್ ಖಚಿತವಾದ ಮೇಲೆಯೇ ಮನೆ ಬಿಡಿ. ಶನಿವಾರ, ಭಾನುವಾರ ಊಟಿಯ ಗಾಡಿಗಳೂ ಇದೇ ರಸ್ತೆಗೆ ಬೀಳುತ್ತವೆ. ಮಂಗಳವಾರ, ಬುಧವಾರ ಕಾಡು ಮುಟ್ಟುವಂತೆ ಹೊರಡಿ. ಮುಂದೆ ಊಟಿಗೂ ಹೋಗುವುದಾದರೆ, 2024ರ ಮೇ ತಿಂಗಳಲ್ಲಿ ಜಾರಿಯಾದ ಇ-ಪಾಸ್ (ಆನ್‌ಲೈನ್ ಪ್ರವೇಶ ಪರವಾನಗಿ) ನಿಯಮವನ್ನು ಮೊದಲೇ ವಿಚಾರಿಸಿಕೊಳ್ಳಿ.

ಪ್ರಶ್ನೆ (ವಿಜಯಪುರದ ಸದಸ್ಯರು): ರಸ್ತೆಯಲ್ಲಿ ಆನೆ ಎದುರಾದರೆ ಏನು ಮಾಡಬೇಕು ಸರ್?

ಉತ್ತರ: ಕಾರಿನವರಿಗೆ ಸುತ್ತಲೂ ತಗಡಾದರೂ ಇರುತ್ತದೆ, ನಮಗೆ ಅದೂ ಇಲ್ಲ. ಆನೆ ಕಂಡ ಕೂಡಲೇ, ದೂರದಲ್ಲಿಯೇ, ದೊಡ್ಡ ವಾಹನವೊಂದರ ಹಿಂದೆ ನಿಲ್ಲಿ. ಎಂಜಿನ್ ಆರಿಸಬೇಡಿ, ಹಾರ್ನ್ ಹೊಡೆಯಬೇಡಿ, ಎಕ್ಸಿಲರೇಟರ್ ತಿರುವಿ ಸದ್ದು ಮಾಡಬೇಡಿ, ಹೆಡ್‌ಲೈಟ್ ಮಿನುಗಿಸಬೇಡಿ. ಪಕ್ಕದಲ್ಲಿ ಜಾಗವಿದೆಯೆಂದು ನುಗ್ಗಲೇಬಾರದು. ತಾಯಾನೆ ರಸ್ತೆಯ ಈ ಕಡೆ, ಮರಿ ಆ ಕಡೆ ಇದ್ದಾಗ ನಡುವೆ ಸಿಕ್ಕುವವನು ಬೈಕಿನವನೇ. ಹಿಂಡು ಪೂರ್ತಿ ದಾಟಿದ ಮೇಲೂ ಹಿಂದೆ ಉಳಿದದ್ದೊಂದು ಇರಬಹುದು, ಸ್ವಲ್ಪ ತಡೆದು ಹೊರಡಿ.

ಕಾಡಿನೊಳಗೆ ಫೋಟೋಕ್ಕೆಂದು ನಿಲ್ಲುವುದೂ, ಜಿಂಕೆ, ಕೋತಿಗಳಿಗೆ ತಿನ್ನಲು ಕೊಡುವುದೂ ನಿಷಿದ್ಧ, ದಂಡ ಬೀಳುತ್ತದೆ. ಮೇ ತಿಂಗಳಿನಲ್ಲಿ ಹುಲ್ಲು ಒಣಗಿ ನಿಂತಿರುತ್ತದೆ. 2019ರ ಫೆಬ್ರವರಿಯ ಬೆಂಕಿ ಇದೇ ಕಾಡಿನ ಸಾವಿರಾರು ಎಕರೆಯನ್ನು ಸುಟ್ಟಿತು. ಬೀಡಿ, ಸಿಗರೇಟು ಸೇದುವ ಜೊತೆಗಾರರಿದ್ದರೆ ಬೆಂಕಿಪೊಟ್ಟಣವನ್ನು ಗುಂಡ್ಲುಪೇಟೆಯ ವಸತಿಯಲ್ಲಿಯೇ ಬಿಟ್ಟು ಬರಲು ಹೇಳಿ.